ಫ್ರಾನ್ಸ್‌ನ ಲುವಾರ್ ನದಿ ದಂಡೆಯಲ್ಲಿ ಓಡಿದವರು ಯಾರಾದರೂ ಇದ್ದೀರಾ?

ಅಪ್ಪನಕೆರೆ_ರೌಂಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಂಪನಿ ಕೆಲಸದ ಮೇಲೆ ಸೆಪ್ಟೆಂಬರ್ ನಡುವಿನಿಂದ ಮೂರು ತಿಂಗಳು ಫ್ರಾನ್ಸ್‌ನ ತೂರ್ ಊರಿಗೆ ಹೊರಟಿದ್ದೇನೆ. ಮನೆ ಸಿಕ್ಕಿದೆ, ಟಿಕೆಟ್ ಆಗಿದೆ, ಅವ್ವ ಶೇಂಗಾ ಚಟ್ನಿ ಕುಟ್ಟಲು ಶುರು ಮಾಡಿದ್ದಾಳೆ. ನನ್ನ ಚಿಂತೆ ಮಾತ್ರ ಓಟದ್ದು. ಇಲ್ಲಿ ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ಬೆಳಗ್ಗೆ ಐದಕ್ಕೆ ಶುರು ಮಾಡಿ ಬಿಸಿಲು ಏರುವ ಮುಂಚೆ ಮುಗಿಸುವ ಗಿರಾಕಿ ನಾನು. ಬೇಸರ ಬಂದರೆ ಅಪ್ಪನ ಕೆರೆ ಸುತ್ತ. ಮತ್ತೆ ಅದೇ ರೌಂಡು.

ಮ್ಯಾಪಿನಲ್ಲಿ ನೋಡಿದರೆ ಊರಿನ ಬಡಗಣಕ್ಕೆ ಲುವಾರ್, ತೆಂಕಣಕ್ಕೆ ಶೆರ್, ಎರಡು ನದಿ. ವಾರದ ದಿನ ಎಂಟ್ಹತ್ತು ಕಿ.ಮೀ., ಭಾನುವಾರ ಇಪ್ಪತ್ತರ ಮೇಲೆ ಓಡುವ ಆಸೆ. ದಂಡೆಯಲ್ಲಿ ಓಡಲು ನಿಜವಾಗಿ ದಾರಿ ಇದೆಯಾ, ಇಲ್ಲಾ ಲಾರಿ ಪಕ್ಕದಲ್ಲೇ ಓಡಬೇಕಾ? ನಾಯಿ ಕಾಟ ಹೇಗೆ? ಹೋದ ವರ್ಷ ರಿಂಗ್ ರೋಡಿನಲ್ಲಿ ಒಂದು ನಾಯಿ ಮೀನಖಂಡಕ್ಕೇ ಬಾಯಿ ಹಾಕಿ ಪೂರ್ತಿ ಕೋರ್ಸ್ ಇಂಜೆಕ್ಷನ್ ತಗೊಂಡಿದ್ದೇನೆ, ಅದಕ್ಕೇ ಕೇಳ್ತಿದ್ದೇನೆ.

ಮಾಂಜ್ರಾ_ದಂಡೆ (ಬೀದರ್)

ಅಣ್ಣಾ, ಓದುವಾಗ ಎರಡು ವರ್ಷ ತೂರ್‌ನಲ್ಲೇ ಇದ್ದೆ. ದಾರಿಗೆ ಬರ ಇಲ್ಲ, ಚಿಂತೆ ಬಿಡಿ. ಲುವಾರ್ ಫ್ರಾನ್ಸ್‌ನ ಎಲ್ಲಕ್ಕಿಂತ ಉದ್ದದ ನದಿ, ಹತ್ತಿರ ಹತ್ತಿರ 1,000 ಕಿ.ಮೀ. ಅದರ ಗುಂಟ 'ಲುವಾರ್ ಆ ವೆಲೋ' ಅಂತ ಸೈಕಲ್ ದಾರಿ ಮಾಡಿದ್ದಾರೆ, ಅದೇ ಸುಮಾರು 900 ಕಿ.ಮೀ. ಇದೆ, ಸಮುದ್ರದವರೆಗೂ ಹೋಗುತ್ತದೆ. ಸೈಕಲ್‌ನವರಿಗೆ ಮಾಡಿದ್ದು, ಆದರೆ ಓಡುವವರೂ ನಡೆಯುವವರೂ ಅದರಲ್ಲೇ. ಬಲಗಡೆ ಹಿಡಿದು ಓಡಿ, ಹಿಂದಿನಿಂದ ಬೆಲ್ ಹೊಡೆದರೆ ಗಾಬರಿಯಾಗಿ ಎಡಕ್ಕೆ ಜಿಗಿಯಬೇಡಿ. ನಾನು ಒಬ್ಬ ಅಜ್ಜನ ಸೈಕಲ್ ಕೆಡವಿ, ಆತನ ಬುಟ್ಟಿಯಲ್ಲಿದ್ದ ಬ್ರೆಡ್ಡು ಎಲ್ಲಾ ಮಣ್ಣಾಗಿ, ಅರ್ಧ ತಾಸು ಬೈಸಿಕೊಂಡಿದ್ದೇನೆ. ಭಾಷೆ ಬರದಿದ್ದರೂ ಬೈಗುಳ ಚೆನ್ನಾಗಿ ತಿಳಿಯಿತು.

ವಾರದ ದಿನಕ್ಕೆ: ವಿಲ್ಸನ್ ಸೇತುವೆಯಿಂದ ನಡೆಯುವವರಿಗೇ ಇರುವ ತೂಗುಸೇತುವೆವರೆಗೆ ಈ ದಂಡೆ, ವಾಪಸ್ ಬರುವಾಗ ಆ ದಂಡೆ. ಸಣ್ಣ ಸುತ್ತು, ಎಷ್ಟು ಸಲ ಬೇಕೋ ಅಷ್ಟು ಹೊಡೆಯಿರಿ. ಗಾಳಿ ಜಾಸ್ತಿ ಇದ್ದ ದಿನ ಶೆರ್ ಕಡೆ ಹೋಗಿ, ಅಲ್ಲಿ ಮರ ಹೆಚ್ಚು, ಪಕ್ಕದಲ್ಲೇ ಒಂದು ಕೆರೆ ಕೂಡ ಇದೆ. ನಿಮಗೆ ಕೆರೆ ಸುತ್ತಿ ಅಭ್ಯಾಸ ಅಲ್ವಾ.

ಭಾನುವಾರಕ್ಕೆ ನನ್ನ ಮಾತು ಕೇಳುವುದಾದರೆ, ಹೋದಷ್ಟೇ ವಾಪಸ್ ಓಡುವ ಲೆಕ್ಕ ಹಾಕಲೇಬೇಡಿ. ಒಂದೇ ಕಡೆ ಓಡಿ, ರೈಲಿನಲ್ಲಿ ಬನ್ನಿ. ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ತೂರ್‌ನಿಂದ ಮೂಡಣಕ್ಕೆ ಆಂಬುವಾಝ್ ಕಡೆ ಓಡಿದರೆ ಬೆನ್ನಿಗೆ ಗಾಳಿ, ಸುಮ್ನೆ ತಳ್ಳಿಕೊಂಡು ಹೋಗುತ್ತದೆ. ಇಪ್ಪತ್ತೈದು ಕಿ.ಮೀ.ಗೆ ಸ್ವಲ್ಪ ಮೇಲೆ. ಮೊಂಲೂಯಿವರೆಗೆ ಸಪಾಟು, ಆಮೇಲೆ ದ್ರಾಕ್ಷಿ ತೋಟದ ನಡುವೆ ಏರು ಬರುತ್ತದೆ, ಕಾಲು ಕೇಳುತ್ತದೆ. ಸಾಕಾಗಿದ್ದರೆ ಮೊಂಲೂಯಿಯಲ್ಲೇ ರೈಲು ಹತ್ತಬಹುದು. ಒಂದು ವಿಷಯ ನೆನಪಿಡಿ, ಆಂಬುವಾಝ್‌ನಲ್ಲಿ ಊರು, ಕೋಟೆ ಎಲ್ಲಾ ಈ ದಂಡೆಗೆ, ಸ್ಟೇಷನ್ ಆ ದಂಡೆಗೆ. ಮುಗಿಯಿತು ಅಂತ ನಿಂತ ಮೇಲೂ ಸೇತುವೆ ದಾಟಿ ಒಂದು ಕಿ.ಮೀ. ನಡೆಯಬೇಕು. ಮೊದಲ ಸಲ ಅದು ಗೊತ್ತಿಲ್ಲದೆ ನನ್ನ ಕಣ್ಣೆದುರೇ ರೈಲು ಹೋಯಿತು.

ಬಡಗಣ ದಂಡೆಯ ದೊಡ್ಡ ರಸ್ತೆಯಲ್ಲಿ ಮಾತ್ರ ಉದ್ದ ಓಟ ಬೇಡ. ಕಾರು ಬಿರ್ರನೆ ಬರುತ್ತವೆ.

ಎರಿಮಣ್ಣು (ಯಾದಗಿರಿ)

ಓದಿ ಹೊಟ್ಟೆ ಉರಿಯಿತು. ನಾವಿಲ್ಲಿ ಭೀಮಾ ದಂಡೆಯಲ್ಲಿ ಓಡೋಣ ಅಂದರೆ ಒಂದು ಕಡೆ ಜಾಲಿ ಮುಳ್ಳು, ಇನ್ನೊಂದು ಕಡೆ ಮರಳಿನ ಟಿಪ್ಪರ್. ಮಳೆಯಾದ ಮಾರನೇ ದಿನ ಹೊಲದ ದಾರಿ ಹಿಡಿದರೆ ಹತ್ತು ಹೆಜ್ಜೆಗೆ ಬೂಟಿನ ತಳ ರೊಟ್ಟಿ ತಟ್ಟಿದ ಹಾಗೆ ಅಗಲ ಆಗುತ್ತದೆ. ನಿಂತು ಕಡ್ಡಿಯಿಂದ ಕೆರೆಯಬೇಕು, ಮತ್ತೆ ಹತ್ತು ಹೆಜ್ಜೆ. ಅಲ್ಲಿ ಮಳೆ ಬಂದರೆ ದಾರಿ ಏನಾಗುತ್ತದೆ? ನದಿ ತುಂಬುವುದಿಲ್ಲವಾ?

ಮಾಂಜ್ರಾ_ದಂಡೆ (ಬೀದರ್)

ತುಂಬುತ್ತದೆ, ಆದರೆ ನಮ್ಮ ಹಾಗೆ ಆಗಸ್ಟ್‌ನಲ್ಲಿ ಅಲ್ಲ. ಬೇಸಿಗೆ ಕೊನೆಗೆ ನೀರು ಇಳಿದು ನಡುವೆ ಮರಳಿನ ದಿಬ್ಬ ಎದ್ದಿರುತ್ತವೆ, ನೋಡಿದರೆ ನಮ್ಮ ಭೀಮಾ ಏಪ್ರಿಲ್‌ನಲ್ಲಿ ಇದ್ದ ಹಾಗೆ. ಚಳಿಗಾಲ, ವಸಂತದಲ್ಲಿ ನೀರು ಏರುತ್ತದೆ. ಆಗ ನೀರಿಗೆ ಹತ್ತಿದ ಕೆಳಗಿನ ದಾರಿ ಮುಳುಗಿದರೆ ಮೇಲಿನ ಒಡ್ಡಿನ ಮೇಲೆ ಓಡಬೇಕು. ಪ್ರವಾಹ ತಡೆಯಲು ನೂರಾರು ವರ್ಷದ ಹಿಂದೆಯೇ ಕಟ್ಟಲು ಶುರು ಮಾಡಿದ ಒಡ್ಡು ಅದು. ಹಳೇ ಗೋಡೆಗಳಲ್ಲಿ ಗೆರೆ ಕೊರೆದು ಪಕ್ಕದಲ್ಲಿ ವರ್ಷ ಬರೆದಿರುತ್ತಾರೆ, 1856 ಅಂತ ಒಂದು ಗೆರೆ ನನ್ನ ತಲೆಗಿಂತ ಮೇಲಿತ್ತು.

ಮರಳಿನ ಮಾತು ಬಂತಲ್ಲ, ನಾನು ಹೇಳಿದ ವಿಲ್ಸನ್ ಸೇತುವೆ 18ನೇ ಶತಮಾನದ ಕಲ್ಲಿನ ಸೇತುವೆ. 1978ರ ಏಪ್ರಿಲ್‌ನಲ್ಲಿ ಅದರ ಕಮಾನುಗಳು ಕುಸಿದು ನದಿಗೆ ಬಿದ್ದವು. ನದಿಯಲ್ಲಿ ಮರಳು ತೆಗೆದೂ ತೆಗೆದೂ ತಳ ಕೆಳಗಿಳಿದಿತ್ತು, ಬುಡದ ಮರದ ಕಂಬಗಳು ಬಲ ಕಳೆದುಕೊಂಡಿದ್ದವು. ಆಮೇಲೆ ಮತ್ತೆ ಕಟ್ಟಿದರು, ಈಗ ಮೇಲೆ ಟ್ರಾಮ್ ಓಡುತ್ತದೆ. ನಿಮ್ಮ ಟಿಪ್ಪರ್‌ನವರಿಗೆ ಆ ಫೋಟೋ ಕಳಿಸಿ.

ಸೇಡಂ_ಅಕ್ಕ

ನಾನು ಬ್ಲುವಾದಲ್ಲಿ ಇರುವುದು, ತೂರ್‌ನಿಂದ ಅರವತ್ತು ಕಿ.ಮೀ. ಮೂಡಣಕ್ಕೆ. ತಮ್ಮಾ, ಮೇಲಿನವರು ಬೇಸಿಗೆ ಲೆಕ್ಕದಲ್ಲಿ ಹೇಳಿದ ಹಾಗಿದೆ. ಬೆಳಗ್ಗೆ ಐದರ ಓಟ ಮರೆತುಬಿಡಿ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ತಾಸು ಹಿಂದಕ್ಕೆ ಬದಲಿಸುವ ಮುಂಚೆ ಇಲ್ಲಿ ಸೂರ್ಯ ಏಳುವುದೇ ಎಂಟೂವರೆಗೆ. ಬದಲಿಸಿದ ಮೇಲೆ ಸಂಜೆ ಆರರೊಳಗೆ ಕತ್ತಲೆ. ಒಡ್ಡಿನ ಮೇಲೆ ದೀಪ ಇರುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ತಗೊಳ್ಳಿ, ಇಲ್ಲಾ ಮಧ್ಯಾಹ್ನ ಊಟದ ಹೊತ್ತಿಗೆ ಓಡಿ. ಇಲ್ಲಿ ಆಫೀಸಿನವರು ಸುಮಾರು ಜನ ಹಾಗೇ ಮಾಡುತ್ತಾರೆ, ನಿಮ್ಮ ಹನ್ನೆರಡು ಗಂಟೆ ಬಿಸಿಲಿನ ಭಯ ಇಲ್ಲಿ ಬೇಕಿಲ್ಲ.

ಬೀದಿ ನಾಯಿ ಇಲ್ಲ. ನಾಯಿಗಿಂತ ನೋಡಿಕೊಳ್ಳಬೇಕಾದದ್ದು ಬೇಟೆ. ನೀವು ಬರುವ ಹೊತ್ತಿಗೆ ಸರಿಯಾಗಿ ಶುರುವಾಗಿ ಫೆಬ್ರುವರಿವರೆಗೆ ನಡೆಯುತ್ತದೆ, ಭಾನುವಾರ ಜಾಸ್ತಿ. ಕಾಡಿನ ಬದಿ 'ಶಾಸ್ ಆಂ ಕೂರ್' ಅಂತ ಬೋರ್ಡ್ ನಿಲ್ಲಿಸಿದ್ದರೆ ಬೇಟೆ ನಡೆದಿದೆ ಅಂತ ಅರ್ಥ, ತಿರುಗಿ ಬಂದುಬಿಡಿ. ಕಿತ್ತಳೆ ಬಣ್ಣದ ಅಂಗಿ ಹಾಕಿ. ಮೊದಲ ವರ್ಷ ಕಂದು ಜಾಕೆಟ್ ಹಾಕಿ ಹೋಗಿದ್ದೆ, ಒಬ್ಬ ಬೇಟೆಗಾರ ದೂರದಿಂದಲೇ ಕೂಗಿ ನಿಲ್ಲಿಸಿದ. ಕಾಲು ಆಮೇಲೂ ನಡುಗುತ್ತಿದ್ದವು.

ಕಾಲುದಾರಿ ಹಿಡಿದರೆ ಮರದ ಮೇಲೆ ಕೆಂಪು ಬಿಳಿ ಪಟ್ಟಿ ನೋಡಿಕೊಂಡು ಹೋಗಿ, ಅಡ್ಡಡ್ಡ ಗುಣಾಕಾರ ಚಿಹ್ನೆ ಕಂಡರೆ ದಾರಿ ತಪ್ಪಿದೆ ಅಂತ. ನೀರು ಮುಗಿದರೆ ಹಳ್ಳಿಯ ಸ್ಮಶಾನಕ್ಕೆ ಹೋಗಿ. ನಗಬೇಡಿ, ಹೂಗಿಡಕ್ಕೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ, ಸೈಕಲ್‌ನವರೆಲ್ಲಾ ಅಲ್ಲೇ ಬಾಟಲಿ ತುಂಬಿಸುವುದು. 'ನೋ ಪೋತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ. ಹೆಪ್ಪುಗಟ್ಟುವ ಚಳಿ ಬಂದರೆ ನಲ್ಲಿ ಬಂದ್ ಮಾಡುತ್ತಾರೆ, ಡಿಸೆಂಬರ್‌ನಲ್ಲಿ ಅದನ್ನೇ ನಂಬಿ ಹೋಗಬೇಡಿ.

ಇನ್ನೊಂದು, ಮರಳು ದಿಬ್ಬ ಚೆಂದ ಕಾಣುತ್ತದೆ ಅಂತ ನೀರಿಗೆ ಇಳಿಯಬೇಡಿ. ಮೇಲೆ ಶಾಂತ, ಒಳಗೆ ಸುಳಿ. ಕಾಲ ಕೆಳಗಿನ ಮರಳೇ ಜಾರುತ್ತದೆ.

ಅಪ್ಪನಕೆರೆ_ರೌಂಡು (ಕಲಬುರಗಿ)

ಅಕ್ಕಾ, ಬೀದರ್ ಅಣ್ಣಾ, ಭಾಳ ಉಪಕಾರ ಆಯಿತು. ಕಿತ್ತಳೆ ಅಂಗಿ ಇವತ್ತೇ ತರುತ್ತೇನೆ. ಸ್ಮಶಾನದ ನೀರಿನ ಸುದ್ದಿ ಮಾತ್ರ ಅವ್ವನಿಗೆ ಹೇಳುವುದಿಲ್ಲ, ಟಿಕೆಟ್ ಕ್ಯಾನ್ಸಲ್ ಮಾಡಿಸುತ್ತಾಳೆ. ಒಂದೇ ಪ್ರಶ್ನೆ ಉಳಿಯಿತು, ಆ ದಾರಿಗೆ ರೋಡ್ ಶೂ ಸಾಕಾ, ಟ್ರೇಲ್ ಶೂ ಬೇಕಾ?

ಮಾಂಜ್ರಾ_ದಂಡೆ (ಬೀದರ್)

ರೋಡ್ ಶೂ ಸಾಕು. ಕೆಲವು ಕಡೆ ಡಾಂಬರು, ಕೆಲವು ಕಡೆ ಗಟ್ಟಿ ಮಾಡಿದ ಮರಳು ಗರಸು, ಎರಿ ಮಣ್ಣಿನ ಹಾಗೆ ಹತ್ತುವುದಿಲ್ಲ. ಉಳಿದ ಜಾಗದಲ್ಲಿ ಖಡಕ್ ರೊಟ್ಟಿ ತುಂಬಿ.

ಸೇಡಂ_ಅಕ್ಕ

ರೊಟ್ಟಿ ನನಗೂ ಎರಡು ಕಟ್ಟು ಜಾಸ್ತಿ ತನ್ನಿ. ಒಂದು ಭಾನುವಾರ ಆಂಬುವಾಝ್‌ಗೆ ನಾನೂ ರೈಲಿನಲ್ಲಿ ಬರುತ್ತೇನೆ, ಸ್ಟೇಷನ್ ಆ ದಂಡೆಗೆ ಅನ್ನುವುದು ನೆನಪಿರಲಿ.