‘ಮುಗ್ಧತೆ’ ಕಳೆಯಿತು ಎಂದರೆ ನಷ್ಟವೋ ಲಾಭವೋ?

ಬಲ್ಲವರಿಗೆ ನಮಸ್ಕಾರ.

ಶಿರಸಿಯಲ್ಲಿ ಪದವಿ ಓದುವ ಕೆಲವು ಮಕ್ಕಳಿಗೆ ಇಂಗ್ಲಿಷ್ ಕವಿ ವಿಲಿಯಂ ಬ್ಲೇಕನ ‘ದಿ ಗಾರ್ಡನ್ ಆಫ್ ಲವ್’ ಕವಿತೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೇನೆ. ಹನ್ನೆರಡೇ ಸಾಲು. ಕವಿತೆಯ ನಿರೂಪಕ ತಾನು ಚಿಕ್ಕಂದಿನಲ್ಲಿ ಆಡುತ್ತಿದ್ದ ಹುಲ್ಲುಬಯಲಿಗೆ ಹೋದರೆ ನಟ್ಟನಡುವೆ ಪ್ರಾರ್ಥನಾಮಂದಿರ ಎದ್ದಿದೆ. ಬಾಗಿಲು ಹಾಕಿದೆ, ಮೇಲೆ ‘ಕೂಡದು’ ಎಂದು ಬರೆದಿದೆ. ಹೂವಿರಬೇಕಾದಲ್ಲಿ ಗೋರಿಕಲ್ಲು. ಕಪ್ಪು ನಿಲುವಂಗಿಯ ಪಾದ್ರಿಗಳು ಸುತ್ತು ಹಾಕುತ್ತ ಅವನ ಆಸೆ, ನಲಿವುಗಳನ್ನು ಮುಳ್ಳುಬಳ್ಳಿಯಲ್ಲಿ ಬಿಗಿಯುತ್ತಿದ್ದಾರೆ.

ಹೀಗೆ ಕಳೆದುಹೋದ ಎಳವೆಗೆ ಬ್ಲೇಕನ ಮಾತು ‘ಇನ್ನೊಸೆನ್ಸ್’. ಅದಕ್ಕೆ ನಾವೆಲ್ಲ ಕಣ್ಣುಮುಚ್ಚಿ ಬರೆಯುವುದು ‘ಮುಗ್ಧತೆ’. ಒಬ್ಬಳು ಬರೆದುಕೊಟ್ಟಳು: ‘ಮುಗ್ಧತೆ ಕಳೆದು ಕವಿ ಪ್ರಬುದ್ಧನಾದ.’ ಕವಿತೆ ತಲೆಕೆಳಗಾಯಿತು! ಆದರೆ ಅವಳನ್ನು ಬೈಯುವ ಹಾಗಿಲ್ಲ. ಮುಗ್ಧ, ಮೂಢ ಎರಡೂ ಸಂಸ್ಕೃತದ ‘ಮುಹ್’ ಧಾತುವಿನ ಮಕ್ಕಳು, ಪಾಣಿನಿಯ ಸೂತ್ರ (8.2.33) ಎರಡು ರೂಪಕ್ಕೂ ಒಪ್ಪಿಗೆ ಕೊಡುತ್ತದೆ. ಅಲಂಕಾರಶಾಸ್ತ್ರದ ನಾಯಿಕೆಯೂ ಮುಗ್ಧೆ (ಏನೂ ಅರಿಯದವಳು), ಮಧ್ಯೆ (ನಡುವಿನವಳು), ಪ್ರಗಲ್ಭೆ (ಪಳಗಿದವಳು) ಎಂದು ಮೆಟ್ಟಿಲು ಹತ್ತುತ್ತಾಳೆ. ಅಲ್ಲಿ ಮುಗ್ಧತೆ ಹೋದರೆ ಬೆಳವಣಿಗೆ. ಬ್ಲೇಕನ ಹುಡುಗನಿಗೆ ಬುದ್ಧಿ ಬಂದು ಬಯಲು ಹೋಗಿದ್ದಲ್ಲ, ಯಾರೋ ಬಂದು ಬಾಗಿಲು ಜಡಿದರು.

ಬೇರೆ ಪದ ಹುಡುಕಿದರೆ ‘ನಿರ್ದೋಷಿ’ ಕೋರ್ಟಿನ ಮಾತಾಯಿತು. ‘ಅಮಾಯಕ’ವನ್ನು ಪತ್ರಿಕೆಯವರು ‘ಅಮಾಯಕರ ಬಲಿ’ಗೇ ಮೀಸಲಿಟ್ಟಿದ್ದಾರೆ. ನಮ್ಮ ಕಡೆ ‘ಬೋಳೆ ಸ್ವಭಾವ’ ಅನ್ನುತ್ತೇವೆ. ಕಪಟವಿಲ್ಲ ಎಂಬ ಮೆಚ್ಚುಗೆ ಅದರಲ್ಲಿದೆ, ಜೊತೆಗೆ ಯಾರು ಬೇಕಾದರೂ ಟೋಪಿ ಹಾಕಬಹುದು ಎಂಬ ನಗೆಯೂ; ಅದು ಎಳೆಯರಿಗಷ್ಟೇ ಅಲ್ಲ, ಮೊಮ್ಮಕ್ಕಳನ್ನು ಕಂಡವರಿಗೂ ಸಲ್ಲುತ್ತದೆ. ಸದ್ಯಕ್ಕೆ ‘ಅಂಜಿಕೆಯಿಲ್ಲದ ಎಳವೆ’ ಎಂದು ಬರೆಸಿದ್ದೇನೆ. ಅರ್ಥ ಹತ್ತಿರ ಬಂತು, ಆದರೆ ಜೋಡಿ ಕೂಡುವುದಿಲ್ಲ. ಬ್ಲೇಕನ 1789ರ ಸಂಕಲನ ಇನ್ನೊಸೆನ್ಸಿನದು, ಈ ಕವಿತೆ ಬಂದ 1794ರದ್ದು ಎಕ್ಸ್‌ಪೀರಿಯನ್ಸಿನದು. ಎರಡನೆಯದಕ್ಕೆ ‘ಅನುಭವ’ ಎನ್ನಲೂ ನನಗೆ ಮನಸ್ಸಿಲ್ಲ. ಅನುಭವ ಮಂಟಪ ಕಂಡ ಭಾಷೆಯಲ್ಲಿ ಅದು ಗಳಿಕೆಯ ಮಾತು, ಬ್ಲೇಕನ ಮುಳ್ಳು ಅದರಲ್ಲಿಲ್ಲ. ಎದುರುಬದುರು ನಿಲ್ಲಬಲ್ಲ ಎರಡು ಪದ ಯಾರಿಗಾದರೂ ಹೊಳೆಯುತ್ತದೆಯೇ? ಹಳಗನ್ನಡದ್ದಾದರೂ ಅಡ್ಡಿಯಿಲ್ಲ.

ಇನ್ನೊಂದು ಚಿಕ್ಕ ವಿಚಾರ. ಆ ಹುಲ್ಲುಬಯಲಿಗೆ ಪಾಠದಲ್ಲಿ ‘ಬೇಣ’ ಎಂದೆ. ದನ ಮೇಯುವುದು, ಮಕ್ಕಳು ಕವಳಿಹಣ್ಣಿಗೆ ಮುಗಿಬೀಳುವುದು ಎಲ್ಲ ಅಲ್ಲೇ ಆದ್ದರಿಂದ ಇಲ್ಲಿಯವರಿಗೆ ತಟ್ಟನೆ ಹೊಳೆಯಿತು. ಧಾರವಾಡ, ಮೈಸೂರು ಕಡೆಯ ಓದುಗರಿಗೆ ಈ ಪದ ದಕ್ಕೀತೇ, ಇಲ್ಲ ‘ಹುಲ್ಲುಗಾವಲು’ ಎಂದೇ ಇಡಲೇ?