ಪಿನಕ್ಬೆಟ್ ಮಾಡಲು ಹೋದರೆ ಗೊಜ್ಜಾಗುತ್ತಿದೆ, ಮಾಡಿದವರಿದ್ದರೆ ಹೇಳಿ

ವಿನಿಪೆಗ್‌ನಿಂದ, ಪ್ರಶ್ನೆ:
ನನ್ನ ಹೆಂಡತಿಯ ತವರು ಫಿಲಿಪೀನ್ಸ್‌ನ ಲಾವಾಗ್, ಇಲೋಕೋಸ್ ಕಡೆ. ಅವಳಿಗೆ ಪಿನಕ್ಬೆಟ್ ಅಂದ್ರೆ ಜೀವ. ಬದನೆ, ಬೆಂಡೆ, ಹಾಗಲ, ಅಲಸಂದೆ ಕಾಯಿಗಳನ್ನು ಬಗೋಂಗ್ ಹಾಕಿ ಬೇಯಿಸುವ ಅಡುಗೆ. ಬಗೋಂಗ್ ಅಂದರೆ ಉಪ್ಪಲ್ಲಿ ಹುದುಗಿಸಿದ ಸಣ್ಣ ಮೀನು. ರಾತ್ರಿ ಪಾಳಿ ಮುಗಿಸಿ ಬರುವವಳಿಗೆ ನಾನೇ ಮಾಡಿಡೋಣ ಅಂತ ಎರಡು ಸಲ ಮಾಡಿದೆ. ಎರಡು ಸಲವೂ ಬೆಂಡೆ ಲೋಳೆ ಬಿಟ್ಟು ಎಲ್ಲಾ ಗೊಜ್ಜಾಯಿತು. ಪಾಪ, ಅವಳು ಏನೂ ಅನ್ನಲಿಲ್ಲ. ಸುಮ್ನೆ ಎದ್ದು ಒಂದು ಮೊಟ್ಟೆ ಹುರಿದುಕೊಂಡಳು.

ದುಬೈನಿಂದ:
ಕೈಯಲ್ಲಿ ಸೌಟು ಇತ್ತು ಅಲ್ವಾ? ಅಲ್ಲೇ ಕೆಟ್ಟಿದ್ದು. ಇಲ್ಲಿನ ಸತ್ವಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಇಲೋಕೋಸ್‌ನದೇ ವಿಗನ್ ಊರಿನವರು. ನಾವು ಅಕ್ಕ ಅಂದ ಹಾಗೆ ಇಲೋಕಾನೋದವರು, ಅಂದರೆ ಇಲೋಕೋಸ್ ಕಡೆಯ ಜನ, ಮನಾಂಗ್ ಅಂತಾರೆ, ನಾನೂ ಹಾಗೇ ಕರೀತಿದ್ದೆ. ಮೊದಲ ದಿನ ನಾನು ಪಲ್ಯದ ಹಾಗೆ ಕೈಯಾಡಿಸಲು ಹೋದಾಗ ಸೌಟು ಕಿತ್ತುಕೊಂಡು ಸಿಂಕಿಗೆ ಹಾಕಿದರು. ಪಿನಕ್ಬೆಟ್ ಅನ್ನುವ ಹೆಸರು ಬಂದದ್ದೇ ‘ಸುಕ್ಕುಗಟ್ಟಿದ್ದು’ ಅನ್ನುವ ಅರ್ಥದ ಅವರ ಮಾತಿನಿಂದ. ತರಕಾರಿ ತನ್ನ ನೀರಲ್ಲೇ ಬೆಂದು ಮುದುಡಬೇಕು, ಕರಗಬಾರದು.

ಅವರು ಮಾಡ್ತಿದ್ದದ್ದು ಹೀಗೆ. ಎರಡು ಚಮಚ ಬಗೋಂಗನ್ನು ಅರ್ಧ ಲೋಟ ನೀರಲ್ಲಿ ಕುದಿಸಿ, ಮುಳ್ಳು ಜರಡಿಯಲ್ಲೇ ಉಳಿಯುವಂತೆ ಸೋಸಬೇಕು. ತಳಕ್ಕೆ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಜಜ್ಜಿದ ಶುಂಠಿ. ಅದರ ಮೇಲೆ ಹಾಗಲ, ಅಲಸಂದೆ, ಆಮೇಲೆ ಬದನೆ. ಬದನೆ ಪುಟ್ಟದಿರಲಿ, ಎಣ್ಣೆಗಾಯಿಗೆ ಸೀಳುವ ಹಾಗೆ ತೊಟ್ಟು ಬಿಟ್ಟು ಸೀಳಿ. ಬೆಂಡೆ ಎಲ್ಲಕ್ಕಿಂತ ಮೇಲೆ, ಇಡಿಯಾಗಿ. ತೊಟ್ಟಿನ ತುದಿ ಮಾತ್ರ ಕೊಯ್ಯಿರಿ, ಒಳಗಿನ ಬೀಜ ಕಂಡರೆ ಲೋಳೆ ಗ್ಯಾರಂಟಿ. ಸೋಸಿದ ನೀರು ಹೊಯ್ದು, ಮುಚ್ಚಿ, ಸಣ್ಣ ಉರಿ. ನಡುವೆ ಎರಡು ಸಲ ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದೆತ್ತಿ ಕುಲುಕಿ. ಉಪ್ಪು ಹಾಕಬೇಡಿ, ಬಗೋಂಗಿನದ್ದೇ ಸಾಕು. ಸಿಹಿಗುಂಬಳ ಹಾಕಿದರೆ ಮನಾಂಗ್ ಮಾತು ಬಿಡ್ತಿದ್ದರು.

ಸಿಡ್ನಿಯಿಂದ:
ಸಿಹಿಗುಂಬಳದ ಮೇಲೆ ಯಾಕೆ ಸಿಟ್ಟು? ನಮ್ಮ ಅತ್ತಿಗೆ ಫಿಲಿಪೀನ್ಸ್‌ನದೇ ಬತಾಂಗಾಸ್‌ನವರು. ಆ ಕಡೆ ಸಿಹಿಗುಂಬಳ ಹಾಕಿ, ಮೀನಿನ ಬದಲು ಸೀಗಡಿ ಬಗೋಂಗ್ ಹಾಕ್ತಾರೆ. ಲಾವಾಗ್‌ನವರಿಗೆ ಮಾಡುವಾಗ ಮಾತ್ರ ಬೇಡ, ಅಷ್ಟೇ.

ಬಗೋಂಗ್ ವಾಸನೆಯ ಬಗ್ಗೆ ಯಾರೂ ಹೇಳಲಿಲ್ಲ! ಒಮ್ಮೆ ನಮ್ಮ ಕೆಳಗಿನ ಮನೆಯಾತ ಗ್ಯಾಸ್ ಸೋರ್ತಿದೆ ಅಂತ ಓಡಿ ಬಂದಿದ್ದ. ಈಗ ತಿಂಗಳಿಗೊಂದು ಸಲ ಕಿಟಕಿ ತೆರೆದು ಬಗೋಂಗನ್ನು ಒಟ್ಟಿಗೆ ಕುದಿಸಿ ಸೋಸಿ, ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ ಡಬ್ಬಿಗೆ ಹಾಕಿಡ್ತೇವೆ. ಒಂದು ಅಡುಗೆಗೆ ಎರಡು ತುಂಡು. ಟ್ರೇ ಬೇರೆ ಯಾತಕ್ಕೂ ಬರಲ್ಲ, ನೆನಪಿರಲಿ.

ಲಂಡನ್‌ನಿಂದ:
ನಾನು ಮೀನು ತಿನ್ನಲ್ಲ, ಬಗೋಂಗ್ ಬದಲು ಕಪ್ಪು ಮಿಸೋ (ಜಪಾನಿನವರ ಹುದುಗಿಸಿದ ಸೋಯಾ ಹಿಟ್ಟು) ಹಾಕ್ತೇನೆ. ಫಿಲಿಪಿನೋ ಗೆಳತಿ ‘ಇದು ಪಿನಕ್ಬೆಟ್ ಅಲ್ಲ’ ಅಂದಳು. ಅಂದುಕೊಂಡೇ ಮತ್ತೆ ಹಾಕಿಸಿಕೊಂಡಳು. ತರಕಾರಿಗೆ ಬಾಂಗ್ಲಾದವರ ಅಂಗಡಿ ನೋಡಿ. ಪುಟ್ಟ ಹಾಗಲ, ಉದ್ದ ಅಲಸಂದೆ, ನುಗ್ಗೆಸೊಪ್ಪು ಎಲ್ಲಾ ಸಿಗುತ್ತೆ. ಇಲೋಕಾನೋದವರು ಸಾರಿಗೆ ಹಾಕುವ ಸಲೂಯೊತ್ ಸೊಪ್ಪು ಬೇಕಾದರೆ ಅರಬ್ ಅಂಗಡಿಯ ಫ್ರೀಜರ್‌ನಲ್ಲಿ ಮುಲುಖಿಯಾ ಅಂತ ಕೇಳಿ, ಎರಡೂ ಒಂದೇ.

ವಿನಿಪೆಗ್‌ನಿಂದ, ಮತ್ತೆ:
ಭಾನುವಾರ ಮಾಡಿದೆ. ಸೌಟನ್ನು ಡ್ರಾಯರ್‌ನಲ್ಲೇ ಬಿಟ್ಟಿದ್ದೆ. ಕುಲುಕುವಾಗ ಮುಚ್ಚಳ ಜಾರಿ ಹೆಬ್ಬೆರಳು ಸುಟ್ಟುಕೊಂಡೆ. ಬೆಂಡೆ ಇಡಿಯಾಗಿಯೇ ಉಳಿದಿತ್ತು, ಬದನೆ ಸುಕ್ಕಾಗಿತ್ತು. ಶುಂಠಿ ಸ್ವಲ್ಪ ಜಾಸ್ತಿ ಅಂದಳು. ಮೊಟ್ಟೆ ಹುರಿಯಲಿಲ್ಲ.