ಹಳೆಯ ವಾಲ್ವ್ ಆಂಪ್ಲಿಫೈಯರನ್ನು ಶ್ರೀನಿವಾಸಪುರದಿಂದ ಧಾರವಾಡಕ್ಕೆ ಕಳುಹಿಸಲು ಪ್ಯಾಕಿಂಗ್ ಹೇಗಿರಬೇಕು?

ಪ್ರಶ್ನೆ – ಶ್ರೀನಿವಾಸಪುರದ ಸದಸ್ಯರು

ಜಾತ್ರೆ, ಹರಿಕಥೆ, ನಾಟಕಗಳಿಗೆ ನಮ್ಮ ಮನೆಯಿಂದ ಮೈಕ್ ಸೆಟ್ ಹೋಗುತ್ತಿದ್ದ ಕಾಲದ ವಾಲ್ವ್ ಆಂಪ್ಲಿಫೈಯರ್ ಒಂದು ನಮ್ಮಲ್ಲಿದೆ. ಧ್ವನಿಯನ್ನು ಹೆಚ್ಚಿಸುವ ನಾಲ್ಕು ಗಾಜಿನ ಇಎಲ್34 ವಾಲ್ವ್‌ಗಳು, ಉಕ್ಕಿನ ಚಾಸಿ (ಎಲ್ಲವನ್ನೂ ಕೂರಿಸಿರುವ ತಗಡಿನ ಚೌಕಟ್ಟು), ಅದರ ಒಂದು ತುದಿಯಲ್ಲಿ ಎರಡು ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು. ಎಲ್ಲ ಸೇರಿ ಸುಮಾರು 25 ಕಿಲೋ ತೂಗುತ್ತದೆ. ಧಾರವಾಡದ ಬಂಧುವೊಬ್ಬರು ಅದನ್ನು ದುರಸ್ತಿ ಮಾಡಿಸಿ ಬಳಸುವ ಆಸೆಯಿಂದ ಕೇಳಿದ್ದಾರೆ. ಬೆಂಗಳೂರಿನಲ್ಲಿ ಸರಕನ್ನು ಒಂದು ಲಾರಿಯಿಂದ ಇಳಿಸಿ ಇನ್ನೊಂದಕ್ಕೆ ಹಾಕಲಾಗುತ್ತದೆ ಎಂದು ಪಾರ್ಸೆಲ್ ಕಚೇರಿಯವರು ಹೇಳಿದ್ದಾರೆ. ನಮ್ಮೂರಿನಲ್ಲಿ ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆಗಳೂ ಹುಲ್ಲೂ ಸುಲಭವಾಗಿ ಸಿಗುತ್ತವೆ. ಅಷ್ಟರಲ್ಲೇ ಭದ್ರವಾಗಿ ಕಟ್ಟಿ ಕಳುಹಿಸಬಹುದೇ, ಅಥವಾ ಬೇರೆ ಏರ್ಪಾಡು ಬೇಕೇ?

ಉತ್ತರ – ಕೋಲಾರ, ಆಂಪ್ಲಿಫೈಯರ್ ದುರಸ್ತಿ ಮಾಡುವವರು

ದಯವಿಟ್ಟು ಮಾವಿನ ಪೆಟ್ಟಿಗೆಯ ಯೋಚನೆಯನ್ನು ಬಿಡಿ. ಅದರ ಹಲಗೆಗಳು ತೆಳು, ಕೂಡಿಸಿರುವುದು ಸಣ್ಣ ಮೊಳೆಗಳಿಂದ. ಹಣ್ಣಿನ ಭಾರ ತಳಕ್ಕೆಲ್ಲ ಸಮನಾಗಿ ಹಂಚಿಹೋಗುತ್ತದೆ. ನಿಮ್ಮ ಆಂಪ್ಲಿಫೈಯರಿನ ಭಾರದ ಬಹುಪಾಲು ಟ್ರಾನ್ಸ್‌ಫಾರ್ಮರ್ ಇರುವ ಒಂದೇ ಕಡೆ ಕೂರುತ್ತದೆ. ಹುಲ್ಲಂತೂ ಲಾರಿಯ ಕುಲುಕಾಟಕ್ಕೆ ಅಮರಿಕೊಂಡು ಮೇಲೆ ಜಾಗ ಖಾಲಿಯಾಗುತ್ತದೆ, ತೇವವನ್ನೂ ಹಿಡಿದಿಡುತ್ತದೆ.

ಭಾರವಾದ ಉಪಕರಣವನ್ನು ಹಾಳುಮಾಡುವುದು ಬಹುಮಟ್ಟಿಗೆ ಅದರದೇ ಭಾರ. ಪೆಟ್ಟಿಗೆ ಮೊಣಕಾಲೆತ್ತರದಿಂದ ಬಿದ್ದರೂ ಸಾಕು, ಚಾಸಿ ನೆಲಕ್ಕೆ ತಾಗಿ ನಿಲ್ಲುತ್ತದೆ, ಟ್ರಾನ್ಸ್‌ಫಾರ್ಮರ್ ಮಾತ್ರ ಬೀಳುತ್ತಿದ್ದ ವೇಗದಲ್ಲೇ ಮುಂದುವರಿಯಲು ನೋಡುತ್ತದೆ. ಆಗ ಬೋಲ್ಟಿನ ಸುತ್ತಲಿನ ತಗಡು ಬಾಗುತ್ತದೆ, ವೈರುಗಳ ಬೆಸುಗೆ ಬಿಡುತ್ತದೆ, ಕೆಲವೊಮ್ಮೆ ಬೋಲ್ಟೇ ಕತ್ತರಿಸಿಹೋಗುತ್ತದೆ. ಇಷ್ಟೆಲ್ಲ ಆದರೂ ಹೊರಗಿನ ಪೆಟ್ಟಿಗೆಯ ಮೇಲೆ ಒಂದು ಗೀರೂ ಕಾಣದಿರಬಹುದು. ಆದ್ದರಿಂದ ಒಳಗಿರುವುದು ಅಲುಗದಂತೆ ಮಾಡುವುದು ಮೊದಲ ಕೆಲಸ, ಮೆತ್ತೆಯ ವಿಚಾರ ಆಮೇಲಿನದು.

ಪ್ಲಗ್ ತೆಗೆದು, ಪೂರ್ತಿ ತಣಿದ ಮೇಲೆ ವಾಲ್ವ್‌ಗಳನ್ನು ಹೊರತೆಗೆಯಿರಿ. ಗಾಜನ್ನು ಹಿಡಿದು ತಿರುಚಬೇಡಿ. ಕೆಳಗಿನ ಕಪ್ಪು ಬುಡವನ್ನು ಹಿಡಿದು ಸ್ವಲ್ಪಸ್ವಲ್ಪವೇ ಅಲುಗಿಸುತ್ತ ನೇರವಾಗಿ ಮೇಲಕ್ಕೆ ಎಳೆದರೆ ಬರುತ್ತದೆ. ಯಾವ ವಾಲ್ವ್ ಯಾವ ಸಾಕೆಟ್ಟಿನದು ಎಂದು ಬುಡದ ಮೇಲೂ ಚಾಸಿಯ ಮೇಲೂ ಒಂದೇ ಸಂಖ್ಯೆ ಬರೆದು, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಬಬಲ್ ಶೀಟಿನಲ್ಲಿ ಸುತ್ತಿ, ಚಿಕ್ಕ ಡಬ್ಬಿಯಲ್ಲಿಡಿ. ಆ ಡಬ್ಬಿಯನ್ನು ಆಂಪ್ಲಿಫೈಯರಿನ ಜೊತೆಗೆ ಹಾಕದೆ, ಧಾರವಾಡಕ್ಕೆ ಹೋಗುವವರು ಯಾರಾದರೂ ಇದ್ದರೆ ಅವರ ಕೈಯಲ್ಲೇ ಕೊಡುವುದು ಒಳ್ಳೆಯದು.

ಟ್ರಾನ್ಸ್‌ಫಾರ್ಮರ್ ಬೋಲ್ಟ್‌ಗಳನ್ನು ಬಿಗಿಮಾಡಲೇಬೇಕು. ಆದರೆ ನಟ್ ಚಾಸಿಯ ಒಳಗಿದ್ದರೆ ತಳದ ತಗಡನ್ನು ನೀವೇ ತೆಗೆಯಬೇಡಿ. ಇಂತಹ ಆಂಪ್ಲಿಫೈಯರಿನೊಳಗೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು, ಅದು ಜೀವಕ್ಕೇ ಅಪಾಯ. ಬಲ್ಲ ಮೆಕ್ಯಾನಿಕ್ ಒಬ್ಬರಿಂದ ಮಾಡಿಸಿ.

ಉತ್ತರ – ಚಿಂತಾಮಣಿ, ಮರಗೆಲಸದವರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಡುವೆ ಗಾಡಿ ಬದಲಾಗುವುದರಿಂದ ರಟ್ಟಿನ ಪೆಟ್ಟಿಗೆಗಿಂತ 12 ಮಿ.ಮೀ. ಪ್ಲೈವುಡ್ಡಿನ ಪೆಟ್ಟಿಗೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೊಳೆ ಹೊಡೆಯದೆ ಸ್ಕ್ರೂ ಹಾಕಿಸಿ. ಕುಲುಕಾಟಕ್ಕೆ ಮೊಳೆ ಮೇಲೇಳುತ್ತದೆ, ತಲುಪಿದ ಮೇಲೆ ಬಿಚ್ಚುವವರು ಸುತ್ತಿಗೆ ಬಳಸುವಂತಾಗುತ್ತದೆ. ಅಡಿಗೆ ಎರಡು ರೀಪುಗಳಿರಲಿ, ಎರಡು ಕಡೆಯೂ ದಪ್ಪ ಹಗ್ಗದ ಹಿಡಿಗಳಿರಲಿ. ಹಿಡಿ ಇದ್ದರೆ ಇಬ್ಬರು ಸೇರಿ ಎತ್ತುತ್ತಾರೆ, ಇಬ್ಬರು ಎತ್ತಿದ ಪೆಟ್ಟಿಗೆಯನ್ನು ಎಸೆಯುವುದು ಅಪರೂಪ. ಟ್ರಾನ್ಸ್‌ಫಾರ್ಮರ್ ಇರುವ ತುದಿಯ ಮೇಲೆ ‘ಈ ಕಡೆ ಭಾರ’ ಎಂದು ಹೊರಗೆ ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಒಡೆಯುವ ವಸ್ತು ಎಂದು ಸೂಚಿಸುವ ಗಾಜಿನ ಲೋಟದ ಗುರುತಿಗಿಂತ ಹಮಾಲಿಗಳಿಗೆ ಅದು ಹೆಚ್ಚು ಉಪಯೋಗ, ಅವರ ಬೆನ್ನಿಗೂ ಒಳ್ಳೆಯದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪ್ಲೈವುಡ್ ಪೆಟ್ಟಿಗೆಯನ್ನೇ ಮಾಡಿಸುತ್ತೇನೆ. ಅದರೊಳಗೆ ಥರ್ಮೋಕೋಲ್ ಹಾಕಬೇಕೇ, ಹಾಸಿಗೆಯ ಸ್ಪಂಜು ಹಾಕಬೇಕೇ? ಎರಡೂ ಮನೆಯಲ್ಲಿವೆ.

ಉತ್ತರ – ಕೋಲಾರ, ಆಂಪ್ಲಿಫೈಯರ್ ದುರಸ್ತಿ ಮಾಡುವವರು

ಎರಡೂ ಸಾಲವು. ಸ್ಪಂಜು ಇಷ್ಟು ಭಾರಕ್ಕೆ ಪೂರ್ತಿ ಚಪ್ಪಟೆಯಾಗುತ್ತದೆ, ಆಮೇಲೆ ಅದು ಇದ್ದರೂ ಇಲ್ಲದಂತೆಯೇ. ಥರ್ಮೋಕೋಲ್ ಮೊದಲ ಪೆಟ್ಟನ್ನು ತಡೆದುಕೊಂಡು ಪುಡಿಯಾದರೆ ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ, ಎರಡನೆಯ ಪೆಟ್ಟು ಬಿದ್ದಾಗ ಅಲ್ಲಿ ಬರಿಯ ಸಂದು ಇರುತ್ತದೆ. ಕೆಲವು ಹೊಸ ಟಿವಿ, ಫ್ರಿಜ್ಜುಗಳ ಜೊತೆ ಬರುವ ಬಿಳಿಯ, ಬಿಗಿಯಾದ, ಬಾಗಿಸಿದರೆ ಮುರಿಯದ ಇಪಿಇ ಫೋಮ್ ತನ್ನಿ. ಅದರ ಮೇಲೆ ಆಂಪ್ಲಿಫೈಯರನ್ನು ಇಟ್ಟಾಗ ಸ್ವಲ್ಪ ತಗ್ಗಬೇಕು, ಆದರೆ ನೆಲಕಚ್ಚಬಾರದು.

ಮೊದಲು ಆಂಪ್ಲಿಫೈಯರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಫೋಮಿನ ಚೂರು ಸಾಕೆಟ್ಟುಗಳಿಗೆ ಹೋಗಬಾರದು. ರಬ್ಬರ್ ಕಾಲುಗಳು ಫೋಮಿನಲ್ಲಿ ಹೂತುಹೋಗದಂತೆ ಅಡಿಗೆ ಒಂದು ಪ್ಲೈವುಡ್ ತುಂಡು ಕೊಡಿ. ಆ ತುಂಡಿನ ಸಮೇತ ಆಂಪ್ಲಿಫೈಯರನ್ನು ಅಳತೆಗೆ ಸರಿಯಾದ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಟ್ರಾನ್ಸ್‌ಫಾರ್ಮರಿನ ನೆತ್ತಿಗೂ ಪೆಟ್ಟಿಗೆಯ ಮುಚ್ಚಳಕ್ಕೂ ನಡುವೆ ಫೋಮ್ ಬಿಗಿಯಾಗಿ ತುಂಬಿ. ಆ ಪೆಟ್ಟಿಗೆಯನ್ನು ಮರದ ಪೆಟ್ಟಿಗೆಯೊಳಗೆ ಇಳಿಸಿ, ಆರೂ ಕಡೆ ಕನಿಷ್ಠ 5 ಸೆಂ.ಮೀ. ಫೋಮ್ ಕೊಡಿ. ಮರ ಮುರಿಯುವುದಿಲ್ಲ ನಿಜ, ಆದರೆ ಪೆಟ್ಟನ್ನು ಹಾಗೆಯೇ ಒಳಕ್ಕೆ ದಾಟಿಸುತ್ತದೆ, ಆದ್ದರಿಂದ ಈ 5 ಸೆಂ.ಮೀ. ವಿಚಾರದಲ್ಲಿ ಜಿಪುಣತನ ಬೇಡ. ಮುಚ್ಚುವ ಮೊದಲು ಪೆಟ್ಟಿಗೆಯನ್ನು ಓಲಾಡಿಸಿ ನೋಡಿ. ಒಳಗೆ ಏನಾದರೂ ಸರಿದ ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ.

ಉತ್ತರ – ತುಮಕೂರಿನ ಸದಸ್ಯರು

ಪ್ಯಾಕಿಂಗಿನ ಪ್ರತಿ ಹಂತದಲ್ಲೂ ಫೋಟೋ ತೆಗೆದಿಡಿ. ಲಾರಿ ರಸೀದಿಯ ಮೇಲೆ ಸಾಮಾನ್ಯವಾಗಿ ‘ಮಾಲೀಕರ ಹೊಣೆ’ (ಹಾನಿಯಾದರೆ ಸರಕಿನ ಒಡೆಯರೇ ಹೊಣೆ) ಎಂದು ಅಚ್ಚಾಗಿರುತ್ತದೆ. ವಿಮೆ ಬೇಕಿದ್ದರೆ ಬೆಲೆಯನ್ನು ಘೋಷಿಸಿ ಪ್ರತ್ಯೇಕವಾಗಿ ಮಾಡಿಸಬೇಕು. ಪ್ಯಾಕಿಂಗ್ ಸರಿಯಿರಲಿಲ್ಲ ಎಂಬ ಕಾರಣಕ್ಕೇ ವಿಮೆಯವರು ಪರಿಹಾರ ನಿರಾಕರಿಸಬಹುದು, ಆಗ ಆ ಫೋಟೋಗಳೇ ನಿಮ್ಮ ಆಧಾರ.

ಧಾರವಾಡದವರಿಗೂ ಒಂದು ಮಾತು ತಿಳಿಸಿ. ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ರಸೀದಿಗೆ ಸಹಿ ಮಾಡುವಾಗಲೇ ಅದರ ಮೇಲೆ ಬರೆಯಲಿ. ತಲುಪಿದ ಕೂಡಲೇ ಪ್ಲಗ್ ಹಾಕುವ ಆತುರ ಬೇಡ. ಟ್ರಾನ್ಸ್‌ಫಾರ್ಮರ್ ಬೋಲ್ಟ್‌ಗಳನ್ನೂ ಒಳಗಿನ ಬೆಸುಗೆಗಳನ್ನೂ ಮೆಕ್ಯಾನಿಕ್ ಪರೀಕ್ಷಿಸಿ, ವಾಲ್ವ್‌ಗಳನ್ನು ಸಂಖ್ಯೆಗೆ ಸರಿಯಾಗಿ ಕೂರಿಸಿ, ಸ್ಪೀಕರ್ ಜೋಡಿಸಿದ ಮೇಲಷ್ಟೇ ಸ್ವಿಚ್ ಹಾಕಲಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರನ್ನು ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಸಂಭವವಿದೆ.